ಮನೆಯ ಕಂಪ್ಯೂಟರಿನಲ್ಲಿ ಠಿಕಾಣಿ ಹೂಡುವ ಪ್ಲೇಯರುಗಳು

(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಇಂದಿನ ವಿಷಯ ನಾವಾಗಿ ಆರಿಸಿಕೊಂಡದ್ದಲ್ಲ. ಪತ್ರಿಕೆ ಓದಲು ಬರುವವರು ಕೆಲವು ತಿಂಗಳಿಂದ ನಮ್ಮ ಮೇಜಿನ ಬಳಿ ನಿಂತು ಬೇರೆ ಬೇರೆ ಮಾತಿನಲ್ಲಿ ಒಂದೇ ದೂರನ್ನು ಹೇಳುತ್ತ ಬಂದಿದ್ದಾರೆ: “ಹಾಡು ಕೇಳಲೆಂದು ಒಂದು ಪ್ಲೇಯರು ಹಾಕಿಕೊಂಡೆವು, ಈಗ ಯಂತ್ರ ನಮ್ಮ ಮಾತನ್ನೇ ಕೇಳುವುದಿಲ್ಲ.” ಒಬ್ಬೊಬ್ಬರಿಗೆ ಒಂದೊಂದು ಸಲ ಉತ್ತರ ಹೇಳುವುದಕ್ಕಿಂತ ಎಲ್ಲರೂ ಕೂಡಿದ ರವಿವಾರ ಒಮ್ಮೆಗೇ ಹೇಳಿಬಿಡಿ ಎಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ನಾವು ಮೆಟ್ರಿಕ್ ಮುಗಿಸಿ ಗಿರಣಿಯ ಕಛೇರಿಯಲ್ಲಿ ಹಾಜರಿ, ಪಗಾರಗಳ ಲೆಕ್ಕ ಬರೆಯುವವರು. ಕಂಪ್ಯೂಟರ್ ಶಾಸ್ತ್ರ ಕಲಿತವರಲ್ಲ. ಕಛೇರಿಯ ಯಂತ್ರದ ಮುಂದೆ ದಿನಕ್ಕೆ ಎಂಟು ತಾಸು ಕೂತು, ಬಿಡುವಿನ ವೇಳೆ ಈ ವಾಚನಾಲಯದ ಹಳೆಯ ಯಂತ್ರವನ್ನು ನೋಡಿಕೊಂಡು, ಕೈಗೆ ಹತ್ತಿದ ತಿಳಿವಳಿಕೆ ಎಷ್ಟೋ ಅಷ್ಟೇ. ಹೆಚ್ಚು ಬಲ್ಲವರು ಇಲ್ಲಿದ್ದರೆ ತಿದ್ದಬೇಕು.

ಮೊದಲು ದೂರು ಏನೆಂಬುದನ್ನು ನೋಡೋಣ. ನಿಮ್ಮಲ್ಲಿ ಹಲವರ ಮನೆಯಲ್ಲಿರುವುದು ಹೊಸ ಯಂತ್ರವಲ್ಲ. ಯಾವುದೋ ಕಛೇರಿ ಹೊರಹಾಕಿದ್ದನ್ನು ಅಗ್ಗಕ್ಕೆ ತಂದು, ಮಗಳ ಓದಿಗೆಂದೋ ತಮ್ಮನ ಅರ್ಜಿಗಳಿಗೆಂದೋ ಖೋಲಿಯ ಒಂದು ಮೂಲೆಯಲ್ಲಿ ಇಟ್ಟದ್ದು. ಓದಿನ ಕೆಲಸ ಮುಗಿದ ಮೇಲೆ ಊರಿನ ಹಾಡು, ಯಕ್ಷಗಾನ, ದಾಸರ ಪದ ಕೇಳಬೇಕೆನಿಸುವುದು ಸಹಜ. ಯಾರೋ ಒಂದು ಪ್ಲೇಯರಿನ ಹೆಸರು ಹೇಳುತ್ತಾರೆ. ಬಿಟ್ಟಿ ಸಿಗುತ್ತದೆ. ‘ನೆಕ್ಸ್ಟ್’ ಎಂಬಲ್ಲಿ ನಾಲ್ಕು ಸಲ ಒತ್ತಿದರೆ ಮುಗಿಯಿತು, ಹಾಡು ಕೇಳಿಸುತ್ತದೆ. ಮರುದಿನದಿಂದ ಯಂತ್ರ ಏಳುವುದಕ್ಕೇ ಐದು ನಿಮಿಷ. ಗಡಿಯಾರದ ಪಕ್ಕದಲ್ಲಿ ಹೊಸದೊಂದು ಚಿಹ್ನೆ. ‘ಹೊಸ ಆವೃತ್ತಿ ಬಂದಿದೆ’ ಎಂದು ಒಂದು ಚೀಟಿ, ‘ಹಣ ಕೊಟ್ಟರೆ ಇನ್ನೂ ಸೊಗಸಾಗಿದೆ’ ಎಂದು ಇನ್ನೊಂದು. ಹಾಡು ಮಾತ್ರವಲ್ಲ, ಪಾಠದ ವಿಡಿಯೋ, ಮದುವೆಯ ವಿಡಿಯೋ, ಏನು ತೆರೆದರೂ ಅದೇ ಎದ್ದು ನಿಲ್ಲುತ್ತದೆ. ಬ್ರೌಸರಿನ ಮೊದಲ ಪುಟವೂ ಬದಲಾಗಿದೆ. ಜಗಲಿಯಲ್ಲಿ ಕೂರಲು ಹೇಳಿದ ನೆಂಟ ಅಡಿಗೆಮನೆ ಹೊಕ್ಕು ಡಬ್ಬಿಗಳ ಜಾಗ ಬದಲಾಯಿಸಿದ ಹಾಗೆ.

ಈ ಕಾಯಿಲೆ ಹೊಸದಲ್ಲ. ಇದಕ್ಕೆ ಮೂವತ್ತು ವರ್ಷಗಳ ಚರಿತ್ರೆಯುಂಟು. ಅದನ್ನು ಸ್ವಲ್ಪ ಹೇಳಿದರೆ ಮುಂದಿನ ಮಾತು ಸುಲಭವಾಗುತ್ತದೆ.

ಮೈಕ್ರೋಸಾಫ್ಟ್ ಕಂಪೆನಿಯಲ್ಲಿ ಕೆಲಸ ಮಾಡಿ ಹೊರಬಂದ ರಾಬ್ ಗ್ಲೇಸರ್ ಎಂಬವರು 1994ರಲ್ಲಿ ಅಮೆರಿಕದ ಸಿಯಾಟಲ್ ಪಟ್ಟಣದಲ್ಲಿ ತಮ್ಮದೇ ಒಂದು ಕಂಪೆನಿಯನ್ನು ತೆರೆದರು. ಮೊದಲು ಅದಕ್ಕೆ ಬೇರೆ ಹೆಸರಿತ್ತು. 1997ರಿಂದ ರಿಯಲ್‌ನೆಟ್‌ವರ್ಕ್ಸ್ ಎಂದಾಯಿತು. ಅವರು 1995ರ ಏಪ್ರಿಲ್‌ನಲ್ಲಿ ಹೊರತಂದ ರಿಯಲ್ ಆಡಿಯೋ ಆ ಕಾಲಕ್ಕೆ ಒಂದು ಚಮತ್ಕಾರ. ಏಕೆಂದು ಕೇಳಿ. ಆಗ ಅಂತರಜಾಲವೆಂದರೆ ಟೆಲಿಫೋನ್ ತಂತಿಯ ಮೇಲೆ ಬರುತ್ತಿದ್ದ ಸಣ್ಣ ಜಿನುಗು. ನಮ್ಮ ದೇಶದಲ್ಲಿ ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರಜಾಲ ಕೊಡಲು ಆರಂಭಿಸಿದ್ದೂ ಅದೇ 1995ರ ಆಗಸ್ಟ್ 15ರಂದು. ಮೂರು ನಿಮಿಷದ ಒಂದು ಹಾಡು ಸುಮಾರು ಮೂರು ಮೆಗಾಬೈಟು ತೂಗುತ್ತದೆಂದು ಹಿಡಿಯಿರಿ. ಸೆಕೆಂಡಿಗೆ 28.8 ಕಿಲೋಬಿಟ್ ಎಳೆಯುವ ಮೋಡೆಮಿನಲ್ಲಿ ಅದು ಪೂರ್ತಿ ಇಳಿಯಲು, ತಂತಿ ಎಲ್ಲಿಯೂ ತಡೆಯದಿದ್ದರೆ, ಹದಿಮೂರು ಹದಿನಾಲ್ಕು ನಿಮಿಷ ಬೇಕು. ಮೂರು ನಿಮಿಷದ ಹಾಡಿಗೆ ಹದಿನಾಲ್ಕು ನಿಮಿಷದ ಕಾಯುವಿಕೆ. ಗ್ಲೇಸರ್ ಅವರ ಕಂಪೆನಿ ಧ್ವನಿಯನ್ನು ಬಹಳವಾಗಿ ಕುಗ್ಗಿಸಿ, ಒಂದು ಕಡೆ ಇಳಿಯುತ್ತಿರುವಾಗಲೇ ಇನ್ನೊಂದು ಕಡೆ ಕೇಳಿಸುವ ಏರ್ಪಾಡನ್ನು ಮಾಡಿತು. ಕೊಡ ತುಂಬುವ ತನಕ ಕಾಯದೆ ನಲ್ಲಿಗೇ ಬಾಯಿಟ್ಟು ಕುಡಿದಂತೆ. 1995ರ ಸೆಪ್ಟೆಂಬರ್ 5ರಂದು ಸಿಯಾಟಲ್ ಮತ್ತು ನ್ಯೂಯಾರ್ಕ್ ತಂಡಗಳ ಬೇಸ್‌ಬಾಲ್ ಪಂದ್ಯದ ವೀಕ್ಷಕ ವಿವರಣೆಯನ್ನು ಈ ದಾರಿಯಲ್ಲಿ ನೇರವಾಗಿ ಕೇಳಿಸಿದರು.

ಊರು ಬಿಟ್ಟವರಿಗೆ ಈ ಉಪಕಾರ ದೊಡ್ಡದು. 2000ದ ಆಸುಪಾಸಿನಲ್ಲಿ ಭಾರತದ ಹಾಡುಗಳನ್ನು ಕೇಳಿಸುತ್ತಿದ್ದ ಜಾಲತಾಣಗಳಲ್ಲಿ ಹಲವು ಈ ಪದ್ಧತಿಯನ್ನೇ ಹಿಡಿದಿದ್ದವು. ಸೈಬರ್ ಕೆಫೆಯಲ್ಲಿ ತಾಸಿನ ಲೆಕ್ಕಕ್ಕೆ ಹಣ ತೆತ್ತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ನಡುನಡುವೆ ತಡೆಯುತ್ತ ಬರುವ ಭಾವಗೀತೆಯನ್ನು ಕೇಳಿದ ಹಿರಿಯರು ಈ ಕೂಟದಲ್ಲಿಯೇ ಇದ್ದಾರೆ. ಹಾಗಾಗಿ ರಿಯಲ್‌ಪ್ಲೇಯರನ್ನು ಬರಿಯ ಖಳನನ್ನಾಗಿ ಮಾಡಿ ಬಯ್ದರೆ ಸರಿಯಾಗದು.

ಆದರೆ ಉಪಕಾರಕ್ಕೆ ಬಂದವನು ಮನೆ ಹಿಡಿದು ಕೂತದ್ದೂ ನಿಜವೇ. ಪ್ಲೇಯರು ಬಿಟ್ಟಿ, ಕಂಪೆನಿಗೆ ಹೊಟ್ಟೆ ಹೊರೆಯಬೇಕು. ಅತ್ತ ಮೈಕ್ರೋಸಾಫ್ಟ್ ತನ್ನದೇ ಪ್ಲೇಯರನ್ನು ವಿಂಡೋಸಿನ ಜೊತೆಗೇ ಕೊಡತೊಡಗಿತ್ತು. ಆದುದರಿಂದ ಒಮ್ಮೆ ಒಳಬಂದ ಮನೆಯಲ್ಲಿ ಕಣ್ಣಿಗೆ ಬೀಳುತ್ತಲೇ ಇರಬೇಕು, ಹಣದ ಆವೃತ್ತಿಯನ್ನು ಮಾರಬೇಕು, ಜಾಹೀರಾತು ತೋರಿಸಬೇಕು ಎಂಬ ಹಂಬಲ ಬೆಳೆಯಿತೆಂದು ನಮ್ಮ ಊಹೆ. ‘ರಿಯಲ್‌ಶೆಡ್’ ಎಂಬ ಸಣ್ಣ ಕಾರ್ಯಕ್ರಮವೊಂದು ಯಂತ್ರ ಏಳುವಾಗಲೇ ತಾನೂ ಎದ್ದು ಹಿಂಬದಿಯಲ್ಲಿ ಕೂತಿರುತ್ತಿತ್ತು. ಏಳುವವರ ಪಟ್ಟಿಯಿಂದ ಅದರ ಹೆಸರನ್ನು ಹೊಡೆದುಹಾಕಿದರೆ, ಮುಂದಿನ ಸಲ ಪ್ಲೇಯರು ತೆರೆದಾಗ ತನ್ನ ಹೆಸರನ್ನು ತಾನೇ ಮತ್ತೆ ಬರೆದುಕೊಳ್ಳುತ್ತಿತ್ತು. ಹಾಜರಿ ಪುಸ್ತಕ ಇಡುವ ನಮಗೆ ಇದರ ರುಚಿ ಚೆನ್ನಾಗಿ ಗೊತ್ತಾಗುತ್ತದೆ: ಹೆಸರು ಕಡಿದ ಮನುಷ್ಯ ರಾತ್ರಿ ಬಂದು ಪುಸ್ತಕ ತೆಗೆದು ತನ್ನ ಹೆಸರನ್ನು ಸೇರಿಸಿ ಹೋದರೆ ಗಿರಣಿ ನಡೆಯುವುದು ಹೇಗೆ?

1999ರಲ್ಲಿ ಇನ್ನೂ ಗಂಭೀರವಾದ ಸಂಗತಿ ಹೊರಬಿತ್ತು. ಅದೇ ಕಂಪೆನಿಯ ರಿಯಲ್‌ಜ್ಯೂಕ್‌ಬಾಕ್ಸ್ ಎಂಬ ಕಾರ್ಯಕ್ರಮವು, ಮನೆಯಲ್ಲಿ ಕೂತವನು ಯಾವ ಸಿ.ಡಿ. ಕೇಳಿದ, ಎಷ್ಟು ಹಾಡು ಕೂಡಿಟ್ಟಿದ್ದಾನೆ ಎಂಬ ವಿವರಗಳನ್ನು, ಆತನಿಗೆ ಕೊಟ್ಟ ಒಂದು ಗುರುತಿನ ಸಂಖ್ಯೆಯ ಜೊತೆ, ಕಂಪೆನಿಗೆ ಕಳಿಸುತ್ತಿದೆಯೆಂದು ರಿಚರ್ಡ್ ಸ್ಮಿತ್ ಎಂಬ ತಜ್ಞರು ಕಂಡುಹಿಡಿದರು. ನವೆಂಬರ್ ಒಂದರ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದನ್ನು ಅಚ್ಚು ಮಾಡಿತು. ಕಂಪೆನಿ ಕ್ಷಮೆ ಕೇಳಿ, ಆ ಭಾಗವನ್ನು ನಿಲ್ಲಿಸುವ ತಿದ್ದುಪಡಿಯನ್ನು ಹಂಚಿತು. 2006ರಲ್ಲಿ ಪಿ.ಸಿ. ವರ್ಲ್ಡ್ ಪತ್ರಿಕೆ ಆವರೆಗಿನ ಅತಿ ಕೆಟ್ಟ ತಂತ್ರಜ್ಞಾನದ ಸರಕುಗಳ ಪಟ್ಟಿ ಮಾಡಿದಾಗ ರಿಯಲ್‌ಪ್ಲೇಯರಿಗೆ ಎರಡನೆಯ ಸ್ಥಾನ ಸಿಕ್ಕಿತು. 2008ರ ಜನವರಿಯ ಕೊನೆಯಲ್ಲಿ ಸ್ಟಾಪ್‌ಬ್ಯಾಡ್‌ವೇರ್ ಎಂಬ ಸಂಸ್ಥೆ ಅದರ ಎರಡು ಆವೃತ್ತಿಗಳನ್ನು ‘ಕೆಟ್ಟ ಸಾಫ್ಟ್‌ವೇರ್’ ಎಂದೇ ಕರೆಯಿತು. ಒಂದು ಆವೃತ್ತಿ ಜಾಹೀರಾತು ತೋರಿಸುವ ಭಾಗವೊಂದನ್ನು ಸ್ಪಷ್ಟವಾಗಿ ತಿಳಿಸದೆ ಹಾಕುತ್ತದೆ. ಇನ್ನೊಂದು ಬೇರೊಂದು ಪ್ಲೇಯರಿನ ಎಂಜಿನನ್ನು ಹೇಳದೆ ತರುತ್ತದೆ, ತನ್ನನ್ನು ತೆಗೆದುಹಾಕಿದರೂ ಅದನ್ನು ಅಲ್ಲೇ ಬಿಟ್ಟುಹೋಗುತ್ತದೆ. ಇವು ಆ ಸಂಸ್ಥೆಯ ಆಕ್ಷೇಪಗಳು.

ಇದು ಒಬ್ಬನೇ ಮಾಡಿದ್ದಲ್ಲ ಎಂಬುದನ್ನೂ ಹೇಳಬೇಕು. 2008ರ ಮಾರ್ಚಿಯಲ್ಲಿ ಆಪಲ್ ಕಂಪೆನಿಯು ವಿಂಡೋಸ್ ಬಳಸುವವರಿಗೆ ಕ್ವಿಕ್‌ಟೈಮ್, ಐಟ್ಯೂನ್ಸ್‌ಗಳ ತಿದ್ದುಪಡಿ ಕಳಿಸುವ ನೆಪದಲ್ಲಿ ಸಫಾರಿ ಎಂಬ ತನ್ನ ಬ್ರೌಸರನ್ನೂ ಗುರುತು ಹಾಕಿ ಪಟ್ಟಿಗೆ ಸೇರಿಸಿತ್ತು. ಮೊಜಿಲ್ಲಾದ ಮುಖ್ಯಸ್ಥರು ಬಹಿರಂಗವಾಗಿ ಆಕ್ಷೇಪಿಸಿದರು. ಮೈಕ್ರೋಸಾಫ್ಟಿನ ಕಥೆಯೂ ಇದೆ. ಯೂರೋಪಿನ ಆಯೋಗ 2004ರಲ್ಲಿ ಅದಕ್ಕೆ 497 ಮಿಲಿಯನ್ ಯೂರೋ ದಂಡ ಹಾಕಿ, ಪ್ಲೇಯರಿಲ್ಲದ ವಿಂಡೋಸನ್ನೂ ಮಾರಬೇಕೆಂದು ಆಜ್ಞೆ ಮಾಡಿತು. ಬೆಲೆ ಅಷ್ಟೇ ಇದ್ದುದರಿಂದ ಪ್ಲೇಯರಿಲ್ಲದ್ದನ್ನು ಕೊಂಡವರು ಬಲು ವಿರಳ. ರಿಯಲ್‌ನೆಟ್‌ವರ್ಕ್ಸ್ ಹೂಡಿದ್ದ ದಾವೆಯು 2005ರಲ್ಲಿ 761 ಮಿಲಿಯನ್ ಡಾಲರಿಗೆ ರಾಜಿಯಾಯಿತು. ದೊಡ್ಡವರ ಜಗಳ ದೊಡ್ಡವರು ಬಗೆಹರಿಸಿಕೊಂಡರು. ನಮ್ಮ ಖೋಲಿಯ ಯಂತ್ರಕ್ಕೆ ಅದರಿಂದ ಏನೂ ಬರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಎದೆ ನಡುಗಿಸುವುದು ಸೋನಿ ಬಿ.ಎಂ.ಜಿ. ಪ್ರಕರಣ. ಅಂಗಡಿಯಲ್ಲಿ ಹಣ ಕೊಟ್ಟು ಕೊಂಡ ಸಂಗೀತದ ಸಿ.ಡಿ. ಅದು, ಎಲ್ಲಿಂದಲೋ ಕದ್ದು ಇಳಿಸಿದ್ದಲ್ಲ. ಕಂಪ್ಯೂಟರಿನಲ್ಲಿ ಕೇಳಬೇಕಾದರೆ ಆ ತಟ್ಟೆಯಲ್ಲೇ ಇರುವ ಪ್ಲೇಯರನ್ನು ಹಾಕಿಕೊಳ್ಳಬೇಕಾಗಿತ್ತು. ಹಾಕಿಕೊಂಡರೆ, ನಕಲು ತೆಗೆಯುವುದನ್ನು ತಡೆಯುವ ಇನ್ನೊಂದು ಕಾರ್ಯಕ್ರಮ ಗುಟ್ಟಾಗಿ ಒಳಸೇರಿ, ಯಂತ್ರದ ಮಾಲೀಕನಿಗೇ ಕಾಣದಂತೆ ಅಡಗಿಕೊಳ್ಳುತ್ತಿತ್ತು. 2005ರ ಅಕ್ಟೋಬರ್ 31ರಂದು ಮಾರ್ಕ್ ರಸಿನೊವಿಚ್ ಎಂಬ ತಜ್ಞರು ತಮ್ಮ ಸ್ವಂತ ಯಂತ್ರದಲ್ಲಿಯೇ ಅದನ್ನು ಪತ್ತೆಮಾಡಿ ಬರೆದರು. ಕೈಯಿಂದ ಕಿತ್ತುಹಾಕಿದಾಗ ಸಿ.ಡಿ. ಡ್ರೈವೇ ಯಂತ್ರದಿಂದ ಮಾಯವಾಯಿತು! ಅಷ್ಟಲ್ಲದೆ, ಒಂದು ಬಗೆಯ ಹೆಸರಿಟ್ಟ ಯಾವ ಕಡತವನ್ನಾದರೂ ಅದು ಮರೆಮಾಡುತ್ತಿದ್ದುದರಿಂದ, ಬೇರೆ ವೈರಸ್ ಬರೆಯುವವರಿಗೂ ಅಡಗಲು ಸ್ಥಳ ಸಿಕ್ಕಿತು. ಕಂಪೆನಿ ಮೊದಲು ಕೊಟ್ಟ ತೆಗೆಯುವ ಸಾಧನವು ಇನ್ನೊಂದು ಬಾಗಿಲು ತೆರೆದಿಡುತ್ತದೆಂದು ಬೇರೆ ಸಂಶೋಧಕರು ತೋರಿಸಿದರು. ಕಡೆಗೆ ತಟ್ಟೆಗಳನ್ನು ಪೇಟೆಯಿಂದ ಹಿಂದಕ್ಕೆ ತರಿಸಿಕೊಂಡು, 2007ರಲ್ಲಿ ಅಮೆರಿಕದ ಸರ್ಕಾರದ ಎದುರು ಸೋನಿ ಬಿ.ಎಂ.ಜಿ. ಒಪ್ಪಂದಕ್ಕೆ ಬಂತು. ನ್ಯಾಯವಾಗಿ ಕೊಂಡವನಿಗೇ ಈ ಶಿಕ್ಷೆ. ‘ಬಿಟ್ಟಿಯದು ಮಾತ್ರ ಕೆಟ್ಟದ್ದು, ಹಣ ಕೊಟ್ಟದ್ದು ಒಳ್ಳೆಯದು’ ಎಂದು ಹೇಳುವವರಿಗೆ ನಾವು ಈ ಕಥೆಯನ್ನು ಹೇಳುತ್ತೇವೆ.

ಚರಿತ್ರೆ ಸಾಕು. ಇವೆಲ್ಲ ಒಳಬರುವ ಬಾಗಿಲು ಒಂದೇ: ನಾವು ಓದದೆ ಒತ್ತುವ ಗುಂಡಿ. ನಮ್ಮ ಕಛೇರಿಯ ಅರ್ಜಿಯಲ್ಲಿ ಒಂದು ಖಾನೆಯನ್ನು ಖಾಲಿ ಬಿಟ್ಟರೆ ‘ಬೇಡ’ ಎಂದು ಲೆಕ್ಕ. ಇಲ್ಲಿ ಖಾನೆಗೆ ಗುರುತನ್ನು ಅವರೇ ಹಾಕಿಟ್ಟಿರುತ್ತಾರೆ. ನೀವು ಸುಮ್ಮನಿದ್ದರೆ ‘ಬೇಕು’ ಎಂದು ಲೆಕ್ಕ. ಈ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ತೊಂದರೆ ಬರುವುದಿಲ್ಲ. ಹಾಕಿಕೊಳ್ಳುವಾಗ ‘ಎಕ್ಸ್‌ಪ್ರೆಸ್’ ಅಥವಾ ‘ರೆಕಮೆಂಡೆಡ್’ ಎಂಬುದು ದೊಡ್ಡ ಹಸಿರು ಅಕ್ಷರದಲ್ಲಿರುತ್ತದೆ, ‘ಕಸ್ಟಮ್’ ಅಥವಾ ‘ಅಡ್ವಾನ್ಸ್‌ಡ್’ ಎಂಬುದು ಮೂಲೆಯಲ್ಲಿ ಮಾಸಲು ಬಣ್ಣದಲ್ಲಿ. ಅಡ್ವಾನ್ಸ್‌ಡ್ ಎಂದರೆ ಪಂಡಿತರಿಗೆ ಎಂದು ತಿಳಿದು ನಮ್ಮವರು ಹಸಿರನ್ನೇ ಒತ್ತುತ್ತಾರೆ. ಹಾಗೆ ತಿಳಿಯಲೆಂದೇ ಆ ಹೆಸರು. ಮಾಸಲನ್ನು ಒತ್ತಿದರೆ ಆ ಗುರುತಿಟ್ಟ ಖಾನೆಗಳ ಪಟ್ಟಿ ಕಾಣುತ್ತದೆ. ಅಲ್ಲಿ ಒಂದೊಂದಾಗಿ ಗುರುತು ತೆಗೆಯಬೇಕು. ಸಾಹುಕಾರನ ಕಾಗದಕ್ಕೆ ಓದದೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡ ಅಜ್ಜಂದಿರ ಕಥೆ ನಮ್ಮಲ್ಲಿ ಹಲವರ ಮನೆಯಲ್ಲಿದೆ. ಇಂಗ್ಲಿಷ್ ಬಾರದಿದ್ದರೆ ಆ ಪುಟದ ಫೋಟೋ ತೆಗೆದು ಇಲ್ಲಿಗೆ ತನ್ನಿ, ಓದಿ ಹೇಳುತ್ತೇವೆ; ಒಂದು ದಿನ ತಡವಾದರೆ ಹಾಡೇನೂ ಓಡಿಹೋಗುವುದಿಲ್ಲ.

ಈಗಾಗಲೇ ಒಳಗೆ ಬಂದು ಕೂತಿದ್ದರೆ? ನಮ್ಮ ಸದಸ್ಯರೊಬ್ಬರ ಮನೆಯ ಸಂಗತಿ ಹೇಳಿದರೆ ದಾರಿ ತಿಳಿಯುತ್ತದೆ. ಅವರು ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕೂರುವವರು. ಮಗಳು ಹನ್ನೆರಡನೆಯ ಇಯತ್ತೆ ಮುಗಿಸಿ ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿದ್ದಳು. ಮನೆಯಲ್ಲಿ ಬೇರೆ ಜಾಲ ಸಂಪರ್ಕವಿಲ್ಲ. ಅಪ್ಪನ ಫೋನಿನ ದಿನಕ್ಕೆ ಒಂದೂವರೆ ಜಿ.ಬಿ.ಯ ಪ್ಯಾಕಿನಿಂದಲೇ ಯಂತ್ರಕ್ಕೂ ಎಳೆದುಕೊಳ್ಳಬೇಕು. ಅಪ್ಪ ಆ ದಿನ ಫೋನನ್ನು ಮನೆಯಲ್ಲೇ ಬಿಟ್ಟು ಹೋಗಿದ್ದರು. ಕೊನೆಯ ದಿನ ಸಂಜೆ ಯಂತ್ರ ಹಚ್ಚಿದಳು. ಹಾಡಿನ ಪ್ಲೇಯರು ಅವಳಿಗಿಂತ ಮೊದಲೇ ಎದ್ದು, ತನ್ನ ಹೊಸ ಆವೃತ್ತಿಯನ್ನೂ ಅದರ ಸಂಗಡಿಗರ ಹೊಸ ಆವೃತ್ತಿಗಳನ್ನೂ ಇಳಿಸತೊಡಗಿತು. ಅವಳು ಹೆಸರು, ವಿಳಾಸ, ಅಂಕ ತುಂಬುವಷ್ಟರಲ್ಲಿ ದಿನದ ಪ್ಯಾಕು ಮುಗಿದು ಜಾಲ ತೆವಳತೊಡಗಿತು. ಜಾತಿಯ ಪ್ರಮಾಣಪತ್ರ ಮೇಲೇರಲಿಲ್ಲ. ಚಾಳಿನ ಅತ್ತೆಯೊಬ್ಬರನ್ನು ಜೊತೆಗೆ ಕರೆದುಕೊಂಡು, ಬಾಗಿಲು ಹಾಕಲಿದ್ದ ಅಂಗಡಿಯೊಂದನ್ನು ತೆರೆಸಿ, ಹನ್ನೆರಡಕ್ಕೆ ಕಾಲು ತಾಸು ಇರುವಾಗ ಅರ್ಜಿ ಹೋಯಿತು. ಆ ಹಣ ಬರದಿದ್ದರೆ ಕಾಲೇಜು ಇಲ್ಲ ಎಂಬುದು ಆ ಮನೆಯ ಲೆಕ್ಕ. ಒಂದು ಹಾಡಿನ ಪೆಟ್ಟಿಗೆಗೆ ಅಷ್ಟು ಅಧಿಕಾರ ಕೊಟ್ಟವರು ಯಾರು ಎಂದು ನಮಗೆ ಸಿಟ್ಟು ಬಂದದ್ದು ಆಗಲೇ.

ಮುಂದಿನ ರವಿವಾರ ಅವರು ಯಂತ್ರದ ಡಬ್ಬಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ಇಲ್ಲಿಗೆ ತಂದರು. ನಾವು ಮೊದಲು ಜಾಲವನ್ನು ಕಡಿದೆವು. ‘ಸೆಟ್ಟಿಂಗ್ಸ್’ ತೆರೆದು ‘ಆಪ್ಸ್’ ಪಟ್ಟಿಗೆ ಹೋಗಿ, ಅದನ್ನು ಹೆಸರಿನ ಕ್ರಮದಲ್ಲಲ್ಲ, ಹಾಕಿದ ತಾರೀಖಿನ ಕ್ರಮದಲ್ಲಿ ಜೋಡಿಸಿದೆವು. ಇದು ಎಲ್ಲರೂ ನೆನಪಿಡತಕ್ಕ ಉಪಾಯ. ಪ್ಲೇಯರು ಬಂದ ದಿನವೇ ಇನ್ನೂ ನಾಲ್ವರು ಬಂದಿದ್ದರು: ಬ್ರೌಸರಿನ ತಲೆಯ ಮೇಲೆ ಕೂರುವ ಒಂದು ಪಟ್ಟಿ, ಯಂತ್ರವನ್ನು ‘ಶುದ್ಧ’ ಮಾಡುತ್ತೇನೆಂದು ಹೆದರಿಸುವ ಒಂದು, ಅಂಗಡಿ ಕೂಪನ್ನುಗಳದೊಂದು, ವಿಡಿಯೋ ಇಳಿಸುವುದೊಂದು. ಒಂದೇ ಎತ್ತಿನಗಾಡಿಯಲ್ಲಿ ಇಳಿದ ದಿಬ್ಬಣ. ಎಲ್ಲವನ್ನೂ ‘ಅನ್‌ಇನ್‌ಸ್ಟಾಲ್’ ಮಾಡಿದೆವು. ಹೋಗುವಾಗಲೂ ಅವು ‘ನಿಜವಾಗಿ ಬೇಡವೇ? ಅರ್ಧ ಬೆಲೆಗೆ ಕೊಡುತ್ತೇವೆ, ಇರುತ್ತೇವೆ’ ಎಂದು ಅಂಗಲಾಚುತ್ತವೆ. ಅಲ್ಲಿ ‘ಇರಲಿ’ ಎಂಬ ಗುಂಡಿಯೇ ದೊಡ್ಡದಾಗಿರುತ್ತದೆ, ಎಚ್ಚರ. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ‘ಟಾಸ್ಕ್ ಮ್ಯಾನೇಜರ್’ ತೆರೆಯುತ್ತದೆ. ಅದರ ‘ಸ್ಟಾರ್ಟಪ್’ ಎಂಬ ಭಾಗದಲ್ಲಿ ಯಂತ್ರದ ಜೊತೆಗೆ ಏಳುವವರ ಹಾಜರಿ ಪಟ್ಟಿ ಇದೆ. ಗೊತ್ತಿರುವ, ಬೇಡದ ಹೆಸರಿನ ಮೇಲೆ ‘ಡಿಸೇಬಲ್’. ಗೊತ್ತಿಲ್ಲದ ಹೆಸರಾದರೆ ಮುಟ್ಟಬೇಡಿ. ಧ್ವನಿಯ, ಪರದೆಯ, ವೈರಸ್ ಕಾವಲಿನ ಕೆಲಸಗಾರರೂ ಅಲ್ಲಿ ಇರುತ್ತಾರೆ. ಬರೆದುಕೊಂಡು ಬನ್ನಿ.

ಪ್ಲೇಯರು ಬೇಕೇ ಬೇಕು ಎನ್ನುವವರು ಅದನ್ನು ಕೀಳಬೇಕಾಗಿಲ್ಲ. ಅದರ ‘ಪ್ರಿಫರೆನ್ಸಸ್’ ಒಳಹೊಕ್ಕು, ಯಂತ್ರದೊಡನೆ ಏಳುವುದು, ಸಂದೇಶ ತೋರಿಸುವುದು, ಬಳಕೆಯ ವಿವರ ಕಳಿಸುವುದು ಇವುಗಳ ಗುರುತು ತೆಗೆದರೆ ಬಹುಮಟ್ಟಿಗೆ ತೆಪ್ಪಗಿರುತ್ತದೆ. ಯಾವ ಕಡತವನ್ನು ಯಾರು ತೆರೆಯಬೇಕು ಎಂಬುದನ್ನು ‘ಸೆಟ್ಟಿಂಗ್ಸ್’ನ ‘ಡಿಫಾಲ್ಟ್ ಆಪ್ಸ್’ನಲ್ಲಿ ನೀವೇ ಗೊತ್ತುಮಾಡಬಹುದು. ವಿಂಡೋಸ್ 10, 11ರಲ್ಲಿ ಪ್ಲೇಯರುಗಳು ಹೇಳದೆ ಈ ಅಧಿಕಾರವನ್ನು ಕಿತ್ತುಕೊಳ್ಳುವುದು ಹಿಂದಿನಷ್ಟು ಸುಲಭವಲ್ಲ. ಇದು ಒಳ್ಳೆಯ ಬದಲಾವಣೆ. ಫೋನಿನ ಪ್ಯಾಕಿನಿಂದ ಜಾಲ ಎಳೆಯುವವರು ಆ ವೈ-ಫೈ ಹೆಸರಿನ ವಿವರದಲ್ಲಿ ‘ಮೀಟರ್ಡ್ ಕನೆಕ್ಷನ್’ ಎಂಬುದನ್ನು ಹಚ್ಚಿಡಿ. ವಿಂಡೋಸು ತಾನು ಇಳಿಸುವುದನ್ನು ತಗ್ಗಿಸುತ್ತದೆ. ಎಲ್ಲ ಪ್ಲೇಯರುಗಳೂ ಅದಕ್ಕೆ ಮರ್ಯಾದೆ ಕೊಡುತ್ತವೆಂದು ಮಾತ್ರ ನಂಬಬೇಡಿ. ಇನ್ನೊಂದು ಮಾತು. ಮನೆಮಂದಿಯೆಲ್ಲ ಒಂದೇ ಯಂತ್ರ ಬಳಸುವಲ್ಲಿ ಮಕ್ಕಳಿಗೆ ‘ಸ್ಟ್ಯಾಂಡರ್ಡ್’ ಖಾತೆ ಮಾಡಿಕೊಡಿ. ಆಗ ಹೆಚ್ಚಿನ ಕಾರ್ಯಕ್ರಮಗಳನ್ನು ಹಾಕಬೇಕಾದರೆ ದೊಡ್ಡವರ ಪಾಸ್‌ವರ್ಡ್ ಬೇಕಾಗುತ್ತದೆ. ನಾವು ಗಲ್ಲೆಯವರ ಮನೆಯಲ್ಲಿ ಪಾಸ್‌ವರ್ಡನ್ನು ಮಗಳ ಕೈಗೆ ಕೊಟ್ಟು, ಅಪ್ಪನಿಗೆ ಸ್ಟ್ಯಾಂಡರ್ಡ್ ಖಾತೆ ಮಾಡಿದೆವು. ಹಾಡಿನ ಚಟ ಅವರದೇ ಆಗಿತ್ತು.

ಈಗ ಹಿರಿಯರೊಬ್ಬರ ಪ್ರಶ್ನೆ. ಅವರ ತಂದೆ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ಹಳೆಯ ಕ್ಯಾಸೆಟ್ಟಿನಲ್ಲಿದ್ದ ಅವರ ಕರ್ಣನ ಅರ್ಥಗಾರಿಕೆಯನ್ನು ಸೋದರಳಿಯನೊಬ್ಬ 2002ರಲ್ಲಿ ಕಂಪ್ಯೂಟರಿಗೆ ಏರಿಸಿಕೊಟ್ಟಿದ್ದ, ಆರ್.ಎಂ. ಎಂಬ ಬಾಲವಿರುವ, ಅಂದರೆ ರಿಯಲ್ ಪದ್ಧತಿಯ ಕಡತ. ಕ್ಯಾಸೆಟ್ಟು ಆಮೇಲೆ ಬೂಷ್ಟು ಹಿಡಿದು ಹೋಯಿತು. ಪ್ಲೇಯರಿನ ಕಾಟ ತಡೆಯಲಾರದಿದ್ದರೂ, ಅದನ್ನು ತೆಗೆದರೆ ಅಪ್ಪನ ಧ್ವನಿಯೂ ಹೋಗುತ್ತದೆಂದು ವರ್ಷಾನುಗಟ್ಟಲೆ ಅದನ್ನು ಸಹಿಸಿಕೊಂಡು ಬಂದಿದ್ದರು. ಇಂಥ ಭಯ ಇನ್ನೂ ಹಲವರಿಗಿದೆ, ಆದುದರಿಂದ ಬಿಡಿಸಿ ಹೇಳುತ್ತೇವೆ. ಗ್ರಾಮಫೋನ್ ಮಾರಿದರೆ ತಟ್ಟೆ ಹೋಗುವುದಿಲ್ಲ. ಪ್ಲೇಯರು ಬೇರೆ, ಹಾಡಿನ ಕಡತ ಬೇರೆ. ಆದರೆ ಕೆಲವು ಪ್ಲೇಯರುಗಳು ಕಡತಗಳನ್ನು ತಮ್ಮದೇ ಕೋಣೆಗೆ ಎಳೆದಿಟ್ಟುಕೊಳ್ಳುವುದುಂಟು. ಆದ್ದರಿಂದ ಕೀಳುವ ಮೊದಲು ಕಡತಗಳನ್ನು ಹುಡುಕಿ ಎರಡು ಪೆನ್‌ಡ್ರೈವಿಗೆ ನಕಲು ಮಾಡಿ. ಎರಡು ಎಂದೆವು, ಒಂದಲ್ಲ. ಆಮೇಲೆ ವಿ.ಎಲ್.ಸಿ. ಎಂಬ ಪ್ಲೇಯರಿನಲ್ಲಿ ತೆರೆದು ನೋಡಿ. ರಿಯಲ್ ಪದ್ಧತಿಯ ಹಳೆಯ ಕಡತಗಳಲ್ಲಿ ಹೆಚ್ಚಿನವು ಅದರಲ್ಲಿ ನಡೆಯುತ್ತವೆ. ಈ ಹಿರಿಯರ ಕಡತವೂ ನಡೆಯಿತು. ಅದನ್ನು ಎಂ.ಪಿ.3 ರೂಪಕ್ಕೆ ತಿರುಗಿಸಿ ಕೊಟ್ಟಿದ್ದೇವೆ. ಈಗ ಯಾವ ಫೋನಿನಲ್ಲಾದರೂ ಕೇಳಬಹುದು. ಮೂಲವನ್ನು ಅಳಿಸಬೇಡಿರೆಂದೂ ಹೇಳಿದ್ದೇವೆ, ಏಕೆಂದರೆ ಒಂದು ರೂಪದಿಂದ ಇನ್ನೊಂದಕ್ಕೆ ತಿರುಗಿಸುವಾಗ ಧ್ವನಿ ತುಸು ಸವೆಯುತ್ತದೆ.

ವಿ.ಎಲ್.ಸಿ.ಯ ಮಾತು ಬಂದುದರಿಂದ ಅದರ ಕುಲಗೋತ್ರ ಹೇಳಬೇಕು. ಪ್ಯಾರಿಸಿನ ಎಕೋಲ್ ಸಾಂತ್ರಾಲ್ ಎಂಬ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು 1996ರಲ್ಲಿ ಆರಂಭಿಸಿದ ಕೆಲಸವದು. 2001ರಲ್ಲಿ ಅದರ ಒಳಗುಟ್ಟನ್ನೆಲ್ಲ ಯಾರು ಬೇಕಾದರೂ ನೋಡಿ ತಿದ್ದುವಂತೆ ಬಿಟ್ಟುಕೊಟ್ಟರು. ಲಾಭದ ಆಸೆಯಿಲ್ಲದ ಒಂದು ಸಂಘ ಅದನ್ನು ನಡೆಸುತ್ತದೆ. ವಾಚನಾಲಯ ನಡೆಸುವ ನಮಗೆ ಅದರ ಮೇಲೆ ಸ್ವಲ್ಪ ಪಕ್ಷಪಾತವಿದ್ದರೆ ಕ್ಷಮಿಸಬೇಕು. ಜಾಹೀರಾತಿಲ್ಲ. ಆದರೆ ಅದೂ ಮೊದಲ ಸಲ ತೆರೆದಾಗ, ಹಾಡಿನ ವಿವರವನ್ನು ಜಾಲದಿಂದ ತರಬಹುದೇ ಎಂದು ಕೇಳುತ್ತದೆ. ಅದನ್ನೂ ಓದಿಯೇ ಒಪ್ಪಿ.

ಅದನ್ನು ಎಲ್ಲಿಂದ ಇಳಿಸುತ್ತೀರಿ ಎಂಬುದು ಅದಕ್ಕಿಂತ ಮುಖ್ಯ. 2022ರ ಆರಂಭದಲ್ಲಿ ನಮ್ಮ ದೇಶದಲ್ಲಿ ವಿ.ಎಲ್.ಸಿ.ಯ ಮೂಲ ಜಾಲತಾಣಕ್ಕೇ ತಡೆ ಬಿತ್ತು. ಅವರು ಕಾನೂನಿನ ನೋಟೀಸು ಕೊಟ್ಟ ಮೇಲೆ ಆ ವರ್ಷದ ನವೆಂಬರಿನಲ್ಲಿ ಸರ್ಕಾರ ತಡೆಯನ್ನು ತೆಗೆಯಿತು. ಆ ನಡುವಣ ತಿಂಗಳುಗಳಲ್ಲಿ ಬೇಕೆಂದವರು ಅಲ್ಲಿ ಇಲ್ಲಿ ಹುಡುಕಬೇಕಾಯಿತು. ಸದುದ್ದೇಶದ ಸರಕಿಗೂ ಅಡ್ಡದಾರಿಯ ಅಂಗಡಿಯಲ್ಲಿ ಕಸ ಕಟ್ಟಿ ಕೊಡುವವರಿದ್ದಾರೆ. ಈಗ ಮೂಲ ತಾಣ ತೆರೆದಿದೆ: ವಿಡಿಯೋಲ್ಯಾನ್ ಡಾಟ್ ಆರ್ಗ್. ಹುಡುಕುವಾಗ ಮೇಲ್ಗಡೆ ‘ಸ್ಪಾನ್ಸರ್ಡ್’ ಎಂದು ಬರುವ ಹೆಸರುಗಳನ್ನು ದಾಟಿ ಕೆಳಗೆ ಹೋಗಿ. ಹಾಗೆಯೇ, ‘ಈ ಸಿನಿಮಾ ನೋಡಲು ಒಂದು ಕೊಡೆಕ್ ಬೇಕು, ಇಲ್ಲಿ ಒತ್ತಿ’ ಎಂದು ಯಾವ ತಾಣ ಹೇಳಿದರೂ ಒತ್ತಬೇಡಿ. ‘ಫ್ಲ್ಯಾಷ್ ಪ್ಲೇಯರ್ ಹಳತಾಯಿತು, ಹೊಸದು ಹಾಕಿ’ ಎಂದು ಹೇಳಿದರಂತೂ ಶುದ್ಧ ಸುಳ್ಳು; ಅಡೋಬ್ ಕಂಪೆನಿ ಫ್ಲ್ಯಾಷನ್ನು 2020ರ ಡಿಸೆಂಬರ್ 31ಕ್ಕೆ ಮುಗಿಸಿಬಿಟ್ಟಿದೆ. ಸತ್ತವನ ಹೆಸರಿನಲ್ಲಿ ವರಾಡ ಎತ್ತುವವರು ಇವರು. ಇಳಿಸಿದ ಹಾಡಿನ ಬಾಲದಲ್ಲಿ ಇ.ಎಕ್ಸ್.ಇ. ಎಂದಿದ್ದರೆ ಅದು ಹಾಡಲ್ಲ. ವಿಂಡೋಸಿನ ಕ್ವಿಕ್‌ಟೈಮ್ ಇನ್ನೂ ಯಾರ ಯಂತ್ರದಲ್ಲಾದರೂ ಇದ್ದರೆ ಇಂದೇ ತೆಗೆಯಿರಿ. ದುರಸ್ತಿಯಾಗದ ಎರಡು ಬಿರುಕುಗಳಿವೆಯೆಂದು 2016ರ ಏಪ್ರಿಲ್‌ನಲ್ಲಿಯೇ ಅಮೆರಿಕದ ಸರ್ಕಾರಿ ವಿಭಾಗ ಅದನ್ನು ಕೀಳಲು ಹೇಳಿತ್ತು. ಪರದೆಯ ತುಂಬ ಕೆಂಪು ಎಚ್ಚರಿಕೆ ಬಂದು ‘ಈ ನಂಬರಿಗೆ ಫೋನ್ ಮಾಡಿ’ ಎಂದರೆ ಮಾಡಬೇಡಿ, ಬ್ರೌಸರು ಮುಚ್ಚಿ. ಅಷ್ಟರೊಳಗೆ ಹಣ ಹೋಗಿಬಿಟ್ಟಿದ್ದರೆ ಸಂಕೋಚಪಡದೆ, ಅದೇ ಕ್ಷಣ 1930ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಸೈಬರ್ ವಂಚನೆಯ ಸಹಾಯವಾಣಿ. ತಡಮಾಡಿದಷ್ಟೂ ಹಣ ಕೈಗೆ ಸಿಕ್ಕುವುದು ಕಷ್ಟ.

ಮಾತು ಮುಗಿಸುವ ಮೊದಲೇ ಹಿಂದಿನ ಸಾಲಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ: ‘ವಿಂಡೋಸೇ ಹಳತಾದರೆ?’ ಎಂದು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ನಿಂತಿತು. ನಿಮ್ಮ ಹಳೆಯ ಡಬ್ಬಿಗಳಲ್ಲಿ ಹಲವು 11ಕ್ಕೆ ಏರಲಾರವು. ಅಂಥವಕ್ಕೆ ಲಿನಕ್ಸ್ ಎಂಬ ದಾರಿ ಇದೆ. ಅದು ಒಂದು ಭಾಷಣದಲ್ಲಿ ಮುಗಿಯುವ ಮಾತಲ್ಲ. ಅಲ್ಲಿಯವರೆಗೆ, ಬ್ಯಾಂಕಿನ ಕೆಲಸವನ್ನು ಆ ಯಂತ್ರದಲ್ಲಿ ಮಾಡದಿರುವುದು ಮೇಲು.

ರವಿವಾರ ಸಂಜೆ ನಾಲ್ಕರಿಂದ ಆರರವರೆಗೆ ನಾವು ಇದೇ ಮೇಜಿನಲ್ಲಿ ಇರುತ್ತೇವೆ. ಮಾನಿಟರು ಹೊತ್ತು ತರಬೇಡಿ, ಇಲ್ಲಿಯದು ಇದೆ; ಡಬ್ಬಿಯನ್ನಷ್ಟೇ ತನ್ನಿ, ಪಾಸ್‌ವರ್ಡ್ ಬಲ್ಲ ಮಗನನ್ನೋ ಮಗಳನ್ನೋ ಜೊತೆಗೆ ಕರೆತನ್ನಿ, ಎರಡು ಪೆನ್‌ಡ್ರೈವ್ ಮರೆಯಬೇಡಿ.